ಹಿತ್ತಿಲಿಲ್ಲದ ಗಿಡ

ಸಂತೆಯಲ್ಲಿ ಸಿಕ್ಕಿತ್ತು, ಸಿಗದೆ ಏನು:
ತೊಳೆದು, ಬಾಲ ಕತ್ತರಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ
ಮೇಣದಬತ್ತಿಗಳ ಹಾಗೆ ಸಾಲಾಗಿ ಮಲಗಿಸಿದ ತೋರ್ಮ ಬೇರು.
ಮೂಲಂಗಿಯ ನೆಂಟ, ಸಾಸಿವೆಯ ಕುಲ, ಇಬ್ಬರಿಗಿಂತಲೂ ಮುಂಗೋಪಿ.
ಎತೆಲ್ಕ ನೇನಿ ಒಂದನ್ನೆತ್ತಿ ಬಗ್ಗಿಸಿದಳು.
ರಬ್ಬರಿನಂತೆ ಬಾಗಿತು.
"ಈಸ್ಟರಿನ ಹಂದಿತೊಡೆಗೆ ಇದು ಸಾಕು.
ಕೆಮ್ಮಿಗೆ ಸಾಲದು."

ನನ್ನ ಬೊರೋಕ ಒಂಬತ್ತು ರಾತ್ರಿಯಿಂದ ಕೆಮ್ಮುತ್ತಿದ್ದಳು.
ಡಾಕ್ಟರು ಕೊಟ್ಟ ಕೆಂಪು ಸಿರಪ್ಪು ಮುಗಿದು
ಆ ಬಾಟಲಿಯಲ್ಲೀಗ ಅವಳ ಗೊಂಬೆಗಳಿಗೆ ನೀರು.

ನಮ್ಮದು ತೋರ್ಮದ್ದೇ ಊರು.
ದೆಬ್ರೆತ್ಸೆನ್ನಿಂದ ಪೂರ್ವಕ್ಕೆ ಮರಳು ನೆಲ,
ಗೋಧಿ ಮುನಿಸಿಕೊಳ್ಳುವ ನೆಲ, ಬೇರು ಸಲೀಸಾಗಿ ಇಳಿಯುವ ನೆಲ.
ಮಾರ್ಚಿನಲ್ಲಿ ಪೆನ್ಸಿಲ್ ಗಾತ್ರದ ತುಂಡುಗಳನ್ನು ಹೂಳುತ್ತಾರೆ.
ಜೂನಿನಲ್ಲಿ ಮಣ್ಣು ಸರಿಸಿ, ಒರಟು ಬಟ್ಟೆಯಿಂದ
ಎಳೆಗೂಸಿನ ಮೈ ತಿಕ್ಕಿದ ಹಾಗೆ ತಿಕ್ಕಿ
ಅಕ್ಕಪಕ್ಕದ ಬೇರುಗಳನ್ನೆಲ್ಲ ಕಳಚಿ, ಮತ್ತೆ ಮುಚ್ಚುತ್ತಾರೆ.
ಕವಲೊಡೆಯಬಾರದು. ದಪ್ಪಗಿರಬೇಕು. ಬೆಳ್ಳಗಿರಬೇಕು.
ನವೆಂಬರಿನಲ್ಲಿ ಲಾರಿ ಬರುತ್ತದೆ, ತೂಗುತ್ತದೆ, ಹೋಗುತ್ತದೆ.
ಲಾರಿ ಹೋದ ಮೂರನೆಯ ದಿನ
ತೋರ್ಮದ ಊರಿನಲ್ಲಿ ಒಂದು ತೋರ್ಮ ಹುಡುಕಿಕೊಂಡು
ನಾನೂ ನೇನಿಯೂ ಗುದ್ದಲಿ ಹಿಡಿದು ಹೊರಟೆವು.

ರೈಲುಹಳಿ ದಾಟಿ, ಅಕೇಶಿಯಾ ಸಾಲು ದಾಟಿ
"ಇಲ್ಲಿ ಕಾಲು ಒರೆಸಿಕೋ" ಅಂದಳು.
ಏನೂ ಇರಲಿಲ್ಲ.
ಉತ್ತ ಹೊಲ. ನಡುವೆ ಉಳದೆ ಬಿಟ್ಟ ಒಂದು ತುಣುಕು,
ಹಿಮಕ್ಕೆ ಬೆಂದು ಕಪ್ಪಾಗಿ ಮಲಗಿದ ಉದ್ದುದ್ದ ಎಲೆಗಳು.
"ಇದು ಅಡುಗೆಮನೆ ಹೊಸ್ತಿಲು. ಅಲ್ಲಿ ಬಾವಿ.
ಇಲ್ಲಿ ನಮ್ಮಕ್ಕ ಹಲ್ಲುನೋವು ಬಂದರೆ ಗೋಡೆ ಒದೆಯುತ್ತಿದ್ದಳು."

ಕೂಡುಬೇಸಾಯಕ್ಕೆ ಮನೆ ಅಡ್ಡವಾಯಿತಂತೆ.
ಟ್ರ್ಯಾಕ್ಟರಿಗೆ ಹಗ್ಗ ಬಿಗಿದು ಎಳೆದರಂತೆ.
ಹಸಿ ಇಟ್ಟಿಗೆ, ಎರಡು ಚಳಿಗಾಲಕ್ಕೆ ಮಣ್ಣಿಗೆ ಮಣ್ಣು.
ನೇಗಿಲು ತೋರ್ಮವನ್ನೂ ಕೊಚ್ಚಿತು.
ಕೊಚ್ಚಿದಷ್ಟು ತುಂಡು, ತುಂಡಿಗೊಂದು ಗಿಡ,
ಮರುವರ್ಷ ಮತ್ತೆ ಕೊಚ್ಚಿತು, ಮತ್ತಷ್ಟು ಗಿಡ.
ಕೊನೆಗೆ ಟ್ರ್ಯಾಕ್ಟರಿನವನಿಗೇ ಸಾಕಾಗಿ
ಸುತ್ತುಹಾಕಿ ಹೋಗತೊಡಗಿದ,
ಮನೆಯೊಂದು ಅಲ್ಲಿದೆಯೋ ಎಂಬಂತೆ.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ.
ಮನೆ ಹೋಯಿತು, ಹಿತ್ತಿಲೂ ಹೋಯಿತು.
ಈಗಲಾದರೂ ಆದೀತೇನೋ.

ಅಗೆದೆವು. ಬಂತು: ಮೂರು ಕವಲು, ನೂರು ಗಂಟು,
ಯಾರೂ ತಿಕ್ಕದ, ಯಾರೂ ತೂಗದ ಬೇರು.
ಮೂಸಿದೆ. ಬರೀ ಮಣ್ಣು.
"ಗಾಯವಾಗದೆ ಬಾಯಿ ಬಿಡುವುದಿಲ್ಲ ಇದು"
ಅಂದು ನೇನಿ ಉಗುರಿನಿಂದ ಗೀರಿದಳು.
ಮೂಗು, ಕಣ್ಣು, ನೆತ್ತಿಯೊಳಗೆ ಎಲ್ಲೋ ಮುಚ್ಚಿದ್ದ ಕಿಟಕಿ
ಒಟ್ಟಿಗೆ ದಢಾರನೆ ತೆರೆದವು.
ಇಬ್ಬರೂ ಅತ್ತೆವು.
ಅವಳು ಅತ್ತದ್ದು ಯಾತಕ್ಕೆ ಎಂದು ಕೇಳುವಂತಿರಲಿಲ್ಲ.
ತೋರ್ಮದ ಮುಂದೆ ಎಲ್ಲರ ಕಣ್ಣೀರಿಗೂ
ತೋರ್ಮವೇ ಕಾರಣ.

ಬಿಲ್ಲೆ ಬಿಲ್ಲೆ ಹೆಚ್ಚಿ, ದಾರದಲ್ಲಿ ಪೋಣಿಸಿ
ಬೊರೋಕಳ ಕೊರಳಿಗೆ ಹಾಕಿದೆವು.
ಅವಳದನ್ನು ಕಿತ್ತು ನಾಯಿಗೆ ಹಾಕಿದಳು.
ನಾಯಿ ಮಂಚದಡಿ ಸೇರಿತು.
ಉಳಿದದ್ದನ್ನು ಕಿಟಕಿ ತೆರೆದಿಟ್ಟು ತುರಿದು
ಜೇನಿನಲ್ಲಿ ಕಲಸಿ, ಹಿಂಡಿ, ಚಮಚದ ತುದಿಯಷ್ಟು.
ಆ ರಾತ್ರಿಯೂ ಕೆಮ್ಮಿದಳು.
ಕಡಿಮೆ ಕೆಮ್ಮಿದಳೋ, ನಾನೇ ಹೆಚ್ಚು ನಿದ್ದೆ ಹೋದೆನೋ.

ಬಾಲದ ತುಂಡುಗಳು ನಾಲ್ಕು ಉಳಿದಿದ್ದವು.
"ಬಕೆಟ್ಟಿನಲ್ಲಿ ನೆಡು" ಅಂದಿದ್ದಳು ನೇನಿ,
"ನೆಲಕ್ಕಿಳಿದರೆ ಮತ್ತೆ ನಿನ್ನ ಮಾತು ಕೇಳುವುದಿಲ್ಲ."
ನಮ್ಮದು ಬಾಡಿಗೆ ಮನೆ.
ಮಾರ್ಚಿಗೆ ಖಾಲಿ ಮಾಡಿ ಎಂದು
ಮಾಲೀಕ ಬಾರ್ನಬಾಷ್ ಚೀಟಿ ಅಂಟಿಸಿ ಹೋಗಿದ್ದಾನೆ.

ಬಕೆಟ್ಟು ತೊಳೆದು ಒಳಗಿಟ್ಟೆ.
ಗೋಡೆಯ ಬುಡದಲ್ಲಿ, ಗೇಣು ಆಳಕ್ಕೆ,
ಓರೆಯಾಗಿ, ತಲೆ ಮೇಲೆ ಮಾಡಿ, ನಾಲ್ಕೂ.